ಬೆರಿಲ್ ಬೆನ್ನು ತಿರುಗಿಸಿದ ಭಾನುವಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಣ್ಣಗೆ ಮಳೆ ಹನಿಯುತ್ತಿದೆ. ತೋಟದ ಕೆಲಸದ ಬೆರಿಲ್ ಪೊಕಾಕ್ ಮೊಣಕಾಲಡಿ ಹಳೆಯ ಚೀಲ ಹಾಸಿಕೊಂಡು, ಎಲೆಗಳನ್ನು ಮಗುಚಿ ಮಗುಚಿ ಬಸವನಹುಳುಗಳನ್ನು ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದಾರೆ. ಮಧ್ಯಾಹ್ನ ಗೇಟು ತೆರೆಯಬೇಕು. ಇಂಗ್ಲೆಂಡಿನ ನಮ್ಮ ಹೆರಿಫರ್ಡ್‌ಶೈರ್‌ನ ಈ ದೊಡ್ಡ ಮನೆಯ ತೋಟವನ್ನು ಜೂನ್‌ನ ಒಂದು ಭಾನುವಾರ ಯಾರು ಬೇಕಾದರೂ ಟಿಕೆಟ್ ಕೊಂಡು ನೋಡಬಹುದು. ಹಣ ದಾನಕ್ಕೆ ಹೋಗುತ್ತದೆ. ಈ ಸಲದ್ದೇ ಕೊನೆ.

ಪೋಸ್ಟರಿನಲ್ಲಿರುವುದು ಮನೆಯೊಡತಿ ಆಂಟೋನಿಯಾ ಲೆಥ್‌ಬ್ರಿಜ್ ಹೆಸರು. ಅವರು ಮನೆ ಮಾರಿ ಪೋರ್ಚುಗಲ್ಲಿಗೆ ಹೊರಟಿದ್ದಾರೆ. ಕೊಂಡವರು ಈ ಪಾತಿಯನ್ನೆಲ್ಲ ಅಗೆದು, ಕಾರು ನಿಲ್ಲಿಸಲು ಜಲ್ಲಿ ಸುರಿಯುತ್ತಾರಂತೆ. ಅಲ್ಲಿಯವರೆಗೆ ಒಂದು ಗಿಡವನ್ನೂ ಯಾರಿಗೂ ಕೊಡುವಂತಿಲ್ಲ ಎಂದು ವಕೀಲರು ಹೇಳಿದ್ದಾರೆ.

ಗೋಡೆಯ ಬುಡದಲ್ಲಿ ಒಂದು ಹೂವಿದೆ. ಬಿಳಿ ಎಸಳು, ನಡುವೆ ಕಡುಗೆಂಪು ಕಣ್ಣು, ಲವಂಗದ ಪರಿಮಳ. ಬೆರಿಲ್ ಅವರ ತಾಯಿ ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಬೀಜದಿಂದ ಬೆಳೆಸಿದ್ದು. ಅದಕ್ಕೆ ಹೆಸರಿಲ್ಲ, ಬೇರೆಲ್ಲೂ ಅದು ಇಲ್ಲ. ಕೆಲಸಕ್ಕೆ ಸೇರಿದಾಗ ಬೆರಿಲ್ ಅದನ್ನು ಇಲ್ಲಿ ನೆಟ್ಟರು. ಅವರ ಬಾಡಿಗೆ ಫ್ಲ್ಯಾಟಿನ ಕಿಟಕಿಗೆ ಬಿಸಿಲು ಬೀಳುವುದಿಲ್ಲ. ಕುಂಡದಲ್ಲಿಟ್ಟದ್ದು ಪ್ರತಿಸಲವೂ ಕೊಳೆಯಿತು.

ಗಂಡ ಲೆನ್ ಆಸ್ಪತ್ರೆಯಲ್ಲಿದ್ದಾಗಲೂ ಅವರು ಕೆಲಸ ಬಿಡಲಿಲ್ಲ. "ಅವನು ಹೋದ ಮಾರನೇ ದಿನಾನೂ ಬಂದೆ. ಕಳೆ ಕೀಳೋವಾಗ ಅಳ್ಬಹುದು ಕಣ್ರೀ. ಮುಖ ನೆಲದ ಕಡೆಗಿರುತ್ತಲ್ಲ, ಯಾರೂ ಏನೂ ಕೇಳಲ್ಲ."

ತೋಟ ನೋಡಲು ಬರುವ ನಮ್ಮ ಮರ್ಯಾದಸ್ಥ ಹೆಂಗಸರಿಗೆ ಒಂದು ಚಟವಿದೆ. ಯಾರದೇ ಮನೆಯ ಚಮಚ ಮುಟ್ಟದವರು, ಚೆಂದದ ಗಿಡ ಕಂಡರೆ ಮನೆಯಲ್ಲಿ ನೆಡಲೆಂದು ಕುಡಿ ಚಿವುಟಿ, ಒದ್ದೆ ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಇಳಿಸುತ್ತಾರೆ. ಬೆರಿಲ್ ಈ ಕಳ್ಳಿಯರ ಪಾಲಿನ ಯಮ. ನಿಂಬೆ ಕೇಕಿಗೆ ಹೆಸರಾದ ಮ್ಯೂರಿಯಲ್ ಟಿಬಿಟ್ಸ್ ಅವರ ಚೀಲವನ್ನೂ ಒಮ್ಮೆ ಹುಲ್ಲಿನ ಮೇಲೆ ಸುರಿಸಿದ್ದರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಮಧ್ಯಾಹ್ನ ಕೊಡೆಗಳು ಬರುತ್ತವೆ. ಜನ ಬೆರಿಲ್ ಬಳಿ ಶೌಚಾಲಯದ ದಾರಿ ಕೇಳಿ, ಆಂಟೋನಿಯಾ ಬಳಿ ಹೋಗಿ ತೋಟವನ್ನು ಹೊಗಳುತ್ತಾರೆ. ಬೆರಿಲ್ ಇಂದು ಎಂದೂ ಮಾಡದ ಕೆಲಸ ಮಾಡಿದ್ದಾರೆ. ತಾಯಿಯ ಹೂವಿನ ಪಕ್ಕದ ಗೋಡೆಯ ಮೇಲೆ ನ್ಯೂಸ್‌ಪೇಪರಿನ ಒದ್ದೆ ಚೂರುಗಳನ್ನಿಟ್ಟು, ಮೇಲೊಂದು ಕಲ್ಲು ಹೇರಿ, ಅದಕ್ಕೆ ಬೆನ್ನು ಹಾಕಿ ನಿಂತಿದ್ದಾರೆ.

ಯಾರೂ ಮುಟ್ಟುವುದಿಲ್ಲ. ಬೆರಿಲ್ ನಿಂತಿರುವುದನ್ನು ಕಂಡವರು ಕೈಗಳನ್ನು ಕೋಟಿನ ಜೇಬಿಗಿಳಿಸಿ ಮುಂದೆ ಸಾಗುತ್ತಾರೆ. ಇಷ್ಟು ವರ್ಷ ತೋಟ ಕಾದು ಗಳಿಸಿದ ಹೆಸರು ಇವತ್ತು ಅವರಿಗೇ ಅಡ್ಡ ನಿಂತಿದೆ. ಮಳೆ ಜೋರಾಗುತ್ತದೆ, ಜನ ಕರಗುತ್ತಾರೆ.

ಚಹಾದ ಟೆಂಟಿನಿಂದ ಕೇಕಿನ ಖಾಲಿ ತಟ್ಟೆ ಹಿಡಿದು ಹೊರಟ ಮ್ಯೂರಿಯಲ್ ಅಲ್ಲಿ ನಿಲ್ಲುತ್ತಾರೆ. ಕಾಗದವನ್ನು ನೋಡುತ್ತಾರೆ, ಬೆರಿಲ್ ಬೆನ್ನನ್ನು ನೋಡುತ್ತಾರೆ.

"ಏನೇ ಇದು, ನಂಗೆ ಬೋನು ಇಟ್ಟಿದ್ದೀಯಾ?"

"ವಯಸ್ಸಾಯ್ತು ಮ್ಯೂರಿಯಲ್. ಬೆನ್ನಿಗಿದ್ದ ಕಣ್ಣು ಹೋಯ್ತು."

ಮಳೆಯ ನಡುವೆ ಕುಡಿ ಮುರಿದ ಸಣ್ಣ ಸದ್ದು, ಇನ್ನೊಂದು, ಮತ್ತೊಂದು. ಬೆರಿಲ್ ತಿರುಗುವುದಿಲ್ಲ. ಮ್ಯೂರಿಯಲ್ ಚಹಾದ ಟೆಂಟಿಗೆ ಮರಳಿದ ಮೇಲೆ, ಅಲ್ಲಿ ಉಳಿದಿದ್ದ ಹೆಂಗಸರು ಒಬ್ಬೊಬ್ಬರಾಗಿ ಇತ್ತ ಬರುತ್ತಾರೆ. ಕಲ್ಲಿನಡಿಯಿಂದ ಒಂದೊಂದು ಚೂರು ಕಾಗದ ಎಳೆದುಕೊಳ್ಳುತ್ತಾರೆ.

ಗೇಟು ಮುಚ್ಚಿದಾಗ ಗೋಡೆಯ ಮೇಲೆ ಕಲ್ಲು ಮಾತ್ರ ಇದೆ. ಗಿಡ ಬೋಳಾಗಿದೆ. ಕೊಂಡುಹೋದ ಕುಡಿಗಳಲ್ಲಿ ಹೆಚ್ಚಿನವು ಬೇರು ಬಿಡಲಾರವು ಎಂಬುದು ಬೆರಿಲ್‌ಗೆ ಗೊತ್ತು. ಬಕೆಟ್ ತೊಳೆಯುತ್ತ ಹೇಳುತ್ತಾರೆ:

"ಮುಂದಿನ ಜೂನಲ್ಲಿ ನಾನೂ ಟಿಕೆಟ್ ತಗೊಂಡು ಅವರಿವರ ತೋಟ ನೋಡೋಕೆ ಹೋಗ್ಬೇಕು. ಎಲ್ಲಾದ್ರೂ ಅಮ್ಮನ ಹೂ ಕಂಡ್ರೆ, ಎಲ್ಲಿಂದ ತಂದ್ರಿ ಅಂತ ಕೇಳಲ್ಲ. ಕೇಳಿದ್ರೆ ಪಾಪ, ಅವರು ಸುಳ್ಳು ಹೇಳ್ಬೇಕಾಗುತ್ತೆ."