ಚಸ್ಮಾ ಹಾಕಿದವರ ಬೆನ್ನ ಹಿಂದೆ ಹುಲಗೆಮ್ಮ

ಕಾರಟಗಿಯ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿ ಪಾಳಿಯವರು ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಹೊಟ್ಟು ಕೊಡವಿಕೊಳ್ಳುತ್ತಿದ್ದಾರೆ. ಗೋದಾಮಿನ ಮೂಲೆಯಲ್ಲಿ ಹುಲಗೆಮ್ಮ ನೆಲ ಗುಡಿಸಿ, ಗುಡಿಸಿದ ನೆಲವನ್ನೇ ಮತ್ತೆ ಬರಿಗಾಲಲ್ಲಿ ಸವರುತ್ತಾ ಒಂದು ಸುತ್ತು ಬರುತ್ತಾರೆ. ಕಾಲಿಗೆ ಸಿಕ್ಕ ಹರಳನ್ನು ಹೆಕ್ಕಿ ಸೆರಗಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ನಾಲ್ಕೂ ಬದಿಗೆ ಖಾಲಿ ಗೋಣಿಚೀಲ ಹಾಸುತ್ತಾರೆ. ಕಾಲಿಗೆ ಗೋಣಿ ತಾಗಿತೆಂದರೆ ಎಲ್ಲೆ ಮುಗಿಯಿತು ಎಂದರ್ಥ. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ನಿಲ್ಲುವವರಿಗೆ ಈ ನೆಲ, ಈ ಗೋಡೆ ಯಾವುದೂ ಕಾಣುವುದಿಲ್ಲ.

ಗಂಗಾವತಿಯ ತರಬೇತಿ ಕೇಂದ್ರವೊಂದರ ವ್ಯಾನು ಹೊರಗೆ ನಿಂತಿದೆ. ಅದರ ಮೇಲೆ 'ವರ್ಚುವಲ್ ರಿಯಾಲಿಟಿ' ಎಂದು ಬರೆದಿದ್ದರೂ ಜನ ಅನ್ನುವುದು ಚಸ್ಮಾ ಎಂದೇ. ದಪ್ಪನೆಯ ಆ ಚಸ್ಮಾ ಕಣ್ಣಿಗೆ ಕಟ್ಟಿಕೊಂಡರೆ ಇದ್ದ ಜಾಗ ಮಾಯವಾಗಿ ಇಲ್ಲದ ಜಾಗ ಸುತ್ತಲೂ ಎದ್ದು ನಿಲ್ಲುತ್ತದೆ. ತಲೆ ಎತ್ತಿದರೆ ಅಲ್ಲಿಯ ಆಕಾಶ, ಬಗ್ಗಿದರೆ ಅಲ್ಲಿಯ ನೆಲ. ಯಲಬುರ್ಗಾ ಕಡೆ ಗಾಳಿಯಂತ್ರದ ಕಂಬ ಏರಬೇಕಾದವರು ಮೊದಲು ಇದರಲ್ಲಿ ಏರುತ್ತಾರೆ. ಕೊಪ್ಪಳದ ಕಡೆ ಉಕ್ಕಿನ ಕೆಲಸಕ್ಕೆ ಸೇರುವವರು, ಕರಗಿದ ಕಬ್ಬಿಣ ತುಂಬಿದ ಕೊಪ್ಪರಿಗೆ ತಲೆಯ ಮೇಲೆ ಹಾದುಹೋಗುವಾಗ ಎತ್ತ ಸರಿಯಬೇಕೆಂದು ಇದರಲ್ಲೇ ಕಲಿಯುತ್ತಾರೆ. ಕುಷ್ಟಗಿಯಲ್ಲಿ ನರ್ಸಿಂಗ್ ಓದುವ ಹುಡುಗಿಯರು ಇಲ್ಲದ ರೋಗಿಯ ಕೈ ಹಿಡಿದು ಸೂಜಿ ಚುಚ್ಚುತ್ತಾರೆ. ಸೂಜಿ ತಪ್ಪಿ ರೋಗಿ ಮುಖ ಕಿವುಚಿದರೆ, ಆ ಇಲ್ಲದ ಮನುಷ್ಯನಿಗೆ ಸಮಾಧಾನ ಹೇಳುತ್ತಾರೆ. ಇಲ್ಲಿ ಗಿರಣಿಯವರು ಬೆಂಕಿಯಿಂದ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾರೆ.

"ಬೆಂಕಿ ಸುಳ್ಳು, ಬೆವರು ಖರೇರಿ," ಎನ್ನುತ್ತಾರೆ ಹುಲಗೆಮ್ಮ. "ಒಬ್ಬೊಬ್ಬರದೂ ಆದಮ್ಯಾಲ ಚಸ್ಮಾ ಒರಸಾಕಿ ನಾನ ಅಲ್ಲೇನ್ರಿ, ನನಗ ಗೊತ್ತೈತಿ."

ಒರೆಸುವುದು ಅವರ ಸಣ್ಣ ಕೆಲಸ. ದೊಡ್ಡದು ಟವಲ್ ಹಿಡಿಯುವುದು. ಚಸ್ಮಾ ಹಾಕಿದವರ ನಡುವಿಗೆ ಟವಲ್ ಸುತ್ತಿ, ಹಿಂದಿನಿಂದ ಎರಡೂ ತುದಿ ಹಿಡಿದು ನಿಲ್ಲುತ್ತಾರೆ. ಮುಗ್ಗರಿಸಿದರೆ ಜಗ್ಗಬೇಕು, ಗೋಣಿ ದಾಟಿದರೆ ತಿರುಗಿಸಬೇಕು. ದಿನಕ್ಕೆ ಮೂವತ್ತು ಮಂದಿಗೆ ಕಡಿಮೆಯಿಲ್ಲ. ಸಂಜೆಗೆ ಬೆರಳ ಗೆಣ್ಣುಗಳು ಬಾತುಕೊಂಡಿರುತ್ತವೆ. ಯಲಬುರ್ಗಾದಲ್ಲಿ ದಪ್ಪ ಮೀಸೆಯ ಗಂಡಸೊಬ್ಬರು ಹೆಂಗಸು ಹಿಡಿದುಕೊಳ್ಳುವುದು ಬೇಡವೆಂದು ಟವಲ್ ಬಿಚ್ಚಿಸಿದ್ದರಂತೆ. ಕಂಬದ ತುದಿ ಮುಟ್ಟಿ ಕೆಳಗೆ ನೋಡಿದ್ದೇ ತಡ, ಕುಸಿದು ಕೂತು ಹುಲಗೆಮ್ಮನ ಕಾಲು ಗಟ್ಟಿಯಾಗಿ ಹಿಡಿದು ಇಳಿಸೆಂದು ಅಂಗಲಾಚಿದರು. "ನೆಲದ ಮ್ಯಾಲ ಕುಂತವನ್ನ ಎಲ್ಲಿಗೆ ಇಳಸಲೋ ಯಪ್ಪಾ," ಎಂದು ಇವರು ತಲೆ ಸವರಿದರು.

ಹುಲಗೆಮ್ಮ ಹುಟ್ಟಿದ್ದು ಅಳವಂಡಿಯಲ್ಲಿ, ಸಾಲಿ ಬಿಟ್ಟದ್ದು ನಾಲ್ಕನೆಯ ಇಯತ್ತೆಗೆ. ಮರಳಿ ಎಂಬ ಊರಿಗೆ ಸೊಸೆಯಾಗಿ ಬಂದು, ಭತ್ತ ನಾಟಿಯ ಗುಂಪಿನಲ್ಲಿ ಕೆಸರಲ್ಲಿ ಬಗ್ಗಿ ಬಗ್ಗಿ ಮೊಣಕಾಲು ಸೋತ ಮೇಲೆ ಗಂಗಾವತಿಯ ಕೇಂದ್ರಕ್ಕೆ ಕಸ ಗುಡಿಸಲು ಸೇರಿದರು. ಮೊದಲ ದಿನ ಚಸ್ಮಾ ಹಾಕಿದವನೊಬ್ಬ ಗಾಳಿಯಲ್ಲಿ ಕೈಯಾಡಿಸುತ್ತಿದ್ದುದನ್ನು ಕಂಡು, ಮೈಮೇಲೆ ದೇವರು ಬಂದಿದೆಯೆಂದು ಕಸಬರಿಗೆ ಕೆಳಗಿಟ್ಟು ಕೈಮುಗಿದರು. ಆತ ಕಿಟಕಿಗೆ ನುಗ್ಗಲು ಹೊರಟಾಗ ಮುಗಿದ ಕೈ ಬಿಚ್ಚಿ ಅಂಗಿ ಹಿಡಿದೆಳೆದರು. ಅಂದಿನಿಂದ ಇದೇ ಕೆಲಸವಾಯಿತು. ಎಷ್ಟು ದೆವ್ವ ಹಿಡಿದೆ ಎಂದು ನೆರೆಮನೆಯ ಹೊಳಿಯಮ್ಮ ದಿನಾ ಸಂಜೆ ಕೆಣಕುತ್ತಾರೆ. ನೀನೊಬ್ಬಾಕೆ ಉಳಿದಿದ್ದೀ ಎಂದು ಇವರು ಕಾಲು ತೊಳೆಯಲು ಹೋಗುತ್ತಾರೆ.

ಇವತ್ತು ಮಾತ್ರ ಅವರ ಜೀವವೆಲ್ಲ ಶಂಕ್ರಮ್ಮನ ಮೇಲಿದೆ. ಶಂಕ್ರಮ್ಮ ಇದೇ ಗಿರಣಿಯಲ್ಲಿ ಚೀಲ ಹೊಲಿಯುವ ಹೆಣ್ಣುಮಗಳು. ಬಾಯ್ಲರ್ ಪಕ್ಕ ಭತ್ತ ಒಣಗಿಸುವಲ್ಲಿ ಖಾಯಂ ಕೆಲಸವೊಂದು ಖಾಲಿಯಿದೆ. ಬೆಂಕಿ ಬಿದ್ದಾಗ ಹೊರಬೀಳುವುದನ್ನು ಚಸ್ಮಾದಲ್ಲಿ ಮಾಡಿ ತೋರಿಸಿದವರಿಗೇ ಅದು. ಶಂಕ್ರಮ್ಮನಿಗೆ ಎರಡು ಸಲ ಆಗಿಲ್ಲ. ಇವತ್ತೂ ಆಗದಿದ್ದರೆ ಜಾಗ ಬೇರೆಯವರ ಪಾಲು.

ಆಗದಿದ್ದುದಕ್ಕೆ ಕಾರಣ ಅಂಜಿಕೆಯಲ್ಲ. ಚಸ್ಮಾದೊಳಗಿನ ಗಿರಣಿಯಲ್ಲಿ ಬಾಗಿಲಿಗೆ ಅಡ್ಡವಾಗಿ ಭತ್ತದ ರಾಶಿ ಕುಸಿದು ಬೀಳುತ್ತದೆ. ತುಳಿದೇ ದಾಟಬೇಕು. ಮೊದಲ ಸಲ ಶಂಕ್ರಮ್ಮ ರಾಶಿಯ ಮುಂದೆ ನಿಂತು, ಚಪ್ಪಲಿ ಕಳಚಿ, ಕಾಳು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದರು. ಅಷ್ಟರಲ್ಲಿ ಬೆಂಕಿ ಬಂದು ಮುತ್ತಿತು. ಎರಡನೆಯ ಸಲ ಹಿಂಜರಿಯುತ್ತಲೇ ಕಾಲೆತ್ತಿದ್ದರು. ಚಸ್ಮಾದೊಳಗಿನದು ಪಕ್ಕದ ಟಿವಿಯಲ್ಲೂ ಕಾಣುತ್ತದೆ. ಕಾಲು ಕಾಳಿನ ಮೇಲೆ ಬೀಳುವುದನ್ನು ಕಂಡ ಹುಲಗೆಮ್ಮ ತಮಗೇ ತಿಳಿಯದೆ ಟವಲ್ ಜಗ್ಗಿಬಿಟ್ಟರು; ಆ ಸರದಿಯೂ ಕೆಟ್ಟಿತು.

ತರಬೇತಿ ಕೊಡುವ ಸುಭಾಷ್ ಬೈಯಲಿಲ್ಲ. ಅವರ ಮನೆಯಲ್ಲೂ ಕಾಳು ತುಳಿಯುವವರಿಲ್ಲ. ಚಿತ್ರ ಮಾಡಿದವರಿಗೆ ಹೇಳಿ ಆ ರಾಶಿ ತೆಗೆಸಿದರಾಯಿತು ಎಂದು ಒಮ್ಮೆ ಅಂದುಕೊಂಡರು. ನಿಜವಾದ ಗಿರಣಿಯಲ್ಲೂ ರಾಶಿ ಅಡ್ಡ ಬೀಳುತ್ತದಲ್ಲ ಎಂದು ಹಾಗೇ ಉಳಿಸಿದರು.

ಇವತ್ತು ಚಸ್ಮಾ ಕಟ್ಟುವ ಮೊದಲು ಹುಲಗೆಮ್ಮ ತೆರೆದ ಚೀಲದಿಂದ ಒಂದು ಹಿಡಿ ಭತ್ತ ತಂದು ಶಂಕ್ರಮ್ಮನ ಮುಂದೆ ಹಿಡಿಯುತ್ತಾರೆ.

"ಈಗ ತಪ್ಪಾತಂತ ಕೇಳ್ಕೊಂಬಿಡು. ಒಳಗ ಹೋದಮ್ಯಾಲ ಪುರಸೊತ್ತಿರಂಗಿಲ್ಲ."

"ಮುಂಗಡ ಕೇಳಿದ್ರ ನಡಿತೈತೇನ ಯಕ್ಕಾ?"

"ನಾಟಿ ಹಚ್ಚುವಾಗ ಸಸಿ ಮ್ಯಾಲ ಎಷ್ಟು ಸಲ ಕಾಲಿಟ್ಟೀವಿ. ಲಕ್ಷ್ಮಿ ಅದನ್ನೆಲ್ಲ ಮನಸಿನಾಗ ಇಟ್ಕೊಂಡಿದ್ರ ನಮಗ ಒಂದು ತುತ್ತೂ ಸಿಗ್ತಿದ್ದಿಲ್ಲ."

ಶಂಕ್ರಮ್ಮ ಚಪ್ಪಲಿ ಕಳಚಿಟ್ಟು ಕಾಳನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಚಸ್ಮಾ ಬೀಳುತ್ತದೆ. ಟಿವಿಯಲ್ಲಿ ಹೊಗೆ ಕವಿಯುತ್ತದೆ, ರಾಶಿ ಕುಸಿಯುತ್ತದೆ. ಗುಡಿಸಿ ಇಟ್ಟ ಬರೀ ನೆಲದ ಮೇಲೆ ಆ ಹೆಣ್ಣುಮಗಳು ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ, ಹೂತುಹೋದ ಹೆಜ್ಜೆಯನ್ನು ಕಿತ್ತುಕೊಳ್ಳುವವರಂತೆ ಕಿತ್ತು, ದಾಟುತ್ತಾರೆ. ಪಾಳಿ ಮುಗಿಸಿ ಮನೆಗೆ ಹೊರಟವರೆಲ್ಲ ನಿಂತಲ್ಲೇ ಉಸಿರು ಹಿಡಿದಿದ್ದಾರೆ. ಹುಲಗೆಮ್ಮನ ಕೈಯಲ್ಲಿ ಟವಲ್ ಸಡಿಲವಾಗಿಯೇ ಇದೆ. ಬಾಗಿಲು ದಾಟಿದ್ದೇ ಟಿವಿ ಹಸಿರಾಗುತ್ತದೆ.

ಚಸ್ಮಾ ತೆಗೆದ ಶಂಕ್ರಮ್ಮ ಮೊದಲು ನೋಡಿದ್ದು ತಮ್ಮ ಅಂಗಾಲನ್ನು. ಒಂದು ಕಾಳೂ ಅಂಟಿಲ್ಲ. ನಾಳೆಯಿಂದ ಬಾಯ್ಲರ್ ಕಡೆ ಬಾ ಎಂದು ಸುಭಾಷ್ ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ನಿಮ್ಮದೇನಾದರೂ ಆಸೆಯಿದೆಯೇ ಎಂದರೆ ಹುಲಗೆಮ್ಮ ಮುಂದಿನವರಿಗೆ ಚಸ್ಮಾ ಒರೆಸುತ್ತಲೇ ಹೇಳುತ್ತಾರೆ:

"ಖರೇ ಬೆಂಕಿ ಹತ್ತಿದ ದಿನಾನೂ ಆಕಿ ಹಿಂಗ ತುಳಕೊಂಡು ಓಡಬೇಕ್ರಿ. ನೆಲ್ಲು ಮುಂದಿನ ಬೆಳಿಗೆ ಮತ್ತ ಬರ್ತೈತಿ. ಶಂಕ್ರಮ್ಮ ಎಲ್ಲಿಂದ ಬರ್ತಾಳ?"