ಎಲ್ಲರೂ ಬೆಳ್ಳಿಯಾದ ವಾರ

ಪ್ರಾಣಿಗಳ ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ 'ಎಕ್ಸ್‌ರೇ' ಎಂದು ಕರೆಯುತ್ತಿದ್ದರು. ಎಕ್ಸ್‌ರೇ ತೆಗೆಯುವುದಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಹಳೆಯ ಯಂತ್ರವನ್ನು ಬೇರೆ ಕಟ್ಟಡಕ್ಕೆ ಸಾಗಿಸಿದ ಮೇಲೆ ಖಾಲಿಬಿದ್ದ ಎಕ್ಸ್‌ರೇ ಕೋಣೆಯಲ್ಲಿ ಆಸ್ಪತ್ರೆಯ ಕಂಪ್ಯೂಟರ್ ಸರ್ವರ್ ಇಟ್ಟಿದ್ದರು. ಸರ್ವರಿನ ಜೊತೆ ಅವನನ್ನೂ ಇಟ್ಟಿದ್ದರು. ಬಾಗಿಲಿಗೆ ಸೀಸದ ತಗಡು ಹೊದಿಸಿತ್ತು. ಬಾಗಿಲು ಎಳೆದುಕೊಂಡರೆ ಹೊರಗಿನ ಬೊಗಳಾಟ, ಕೂಗಾಟ ಒಂದೂ ಒಳಗೆ ಬರುತ್ತಿರಲಿಲ್ಲ. ಬೇರೆಯವರಾಗಿದ್ದರೆ ಜೈಲು ಎನ್ನುತ್ತಿದ್ದರು. ಅವನಿಗೆ ಬೇಕಾಗಿದ್ದೇ ಅದು.

ಅವನಿಗೆ ಉಗ್ಗು. ಪ, ಬ, ಮ, ಈ ಮೂರು ಅಕ್ಷರಗಳಂತೂ ತುಟಿಯ ತನಕ ಬಂದು ಹಠಮಾರಿ ಎತ್ತಿನ ಹಾಗೆ ನಿಂತುಬಿಡುತ್ತಿದ್ದವು. ತುಟಿ ಬಿಗಿದು, ಕತ್ತಿನ ನರ ಉಬ್ಬಿ, ಎದುರಿಗಿದ್ದವರು ಮುಖ ತಪ್ಪಿಸಿ ಗೋಡೆ ನೋಡುವಂತಾಗುತ್ತಿತ್ತು.

ಚಿಕ್ಕಂದಿನಿಂದ ಅವನ ಬಾಯಿ ಎಂದರೆ ಅಕ್ಕ. ಅವನು 'ಬ' ಎಂದು ಶುರುಮಾಡಿದರೆ ಅದು ಬಸ್ಸೋ ಬಟ್ಟೆಯೋ ಬಾಳೆಹಣ್ಣೋ ಎಂದು ಅವಳೇ ಊಹಿಸಿ ಮಾತು ಮುಗಿಸುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತಿತ್ತು. ತಪ್ಪಿದರೂ ಅವನು ತಿದ್ದುತ್ತಿರಲಿಲ್ಲ. ಒಂದು ಸಲ ಬೇಕಾಗಿದ್ದದ್ದು ಬೆಲ್ಟು, ಅಂಗಡಿಯವನು ಕಟ್ಟಿಕೊಟ್ಟದ್ದು ಬೆಡ್‌ಶೀಟು. ಸುಮ್ಮನೆ ಹೊದ್ದುಕೊಂಡ.

ಅಪ್ಪ ಅಮ್ಮ ಹೋದ ಮೇಲೆ ಇಬ್ಬರೂ ಒಂದು ಮಹಡಿ ಮನೆಯಲ್ಲಿದ್ದರು. ಅಕ್ಕ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಕೈ ಎಷ್ಟು ನಿಖರವೋ ನಾಲಿಗೆ ಅಷ್ಟೇ ಚುರುಕು. ಊರೂರು ತಿರುಗಿ ಕಣ್ಣು ಪರೀಕ್ಷೆ ಮಾಡುವ ಒಂದು ವ್ಯಾನ್ ಇತ್ತು. ಅದರ ಜೊತೆ ಬರಬೇಕೆಂದು ಆ ವ್ಯಾನಿನ ಕಣ್ಣಿನ ಡಾಕ್ಟರು ಪ್ರತಿ ವರ್ಷವೂ ಅವಳನ್ನು ಕೇಳುತ್ತಿದ್ದರು. ಅವಳಿಗೂ ಒಳಗೊಳಗೇ ಆಸೆ. ಆದರೆ ಉತ್ತರ ಮಾತ್ರ ಒಂದೇ. "ನಾನು ಹೋದ್ರೆ ಮನೇಲಿ ಗ್ಯಾಸ್ ಮುಗಿದಾಗ ನನ್ನ ತಮ್ಮನ ಪರವಾಗಿ ಫೋನ್ ಮಾಡೋರ್ಯಾರು ಸಾರ್?"

ಆಸ್ಪತ್ರೆಯಲ್ಲಿ ಅವನ ಕೆಲಸ ಡೇಟಾಬೇಸ್ ನೋಡಿಕೊಳ್ಳುವುದು. ಅಲ್ಲಿಗೆ ಬಂದ ಪ್ರತಿಯೊಂದು ನಾಯಿ, ಬೆಕ್ಕು, ಎತ್ತು, ಗಿಳಿಗೂ ಅದರಲ್ಲಿ ಒಂದು ಸಾಲು. ನಂಬರ್, ಹೆಸರು, ಯಜಮಾನರ ಫೋನು, ರೋಗ, ಔಷಧ ಎಲ್ಲವೂ ಅಲ್ಲಿ. ಬೆಳಿಗ್ಗೆ ಬಂದವನೇ ಸರ್ವರ್ ಬರೆದಿಟ್ಟ ದೂರುಗಳನ್ನು ಓದುತ್ತಿದ್ದ. ಎಲ್ಲಿ ನಿಧಾನವಾಗಿದೆ, ಯಾವ ಡಿಸ್ಕ್ ತುಂಬುತ್ತಿದೆ, ಯಾರ ಕಂಪ್ಯೂಟರ್ ಇನ್ನೊಬ್ಬರ ದಾರಿಗೆ ಅಡ್ಡ ನಿಂತಿದೆ ಎಂದು ಹುಡುಕಿ ಬಿಡಿಸುತ್ತಿದ್ದ. ಟೈಪ್ ಮಾಡುವಾಗ ಅವನ ಬೆರಳು ಎಲ್ಲಿಯೂ ತಡವರಿಸುತ್ತಿರಲಿಲ್ಲ. ಆ ಒಂದು ದಿನ ತಡವರಿಸಿದ್ದರೆ ಚೆನ್ನಾಗಿತ್ತು.

ಅಂದು ಸರಿಮಾಡಬೇಕಿದ್ದದ್ದು ಒಂದು ಮೊಲದ ಹೆಸರು. ಕೌಂಟರಿನಲ್ಲಿ ಯಾರೋ 'ಬಳ್ಳಿ' ಎಂದು ಹೊಡೆದಿದ್ದರು. "ನಮ್ಮದು ಬೆಳ್ಳಿ ಕಣ್ರೀ, ಮೊಲ ಎಲ್ಲಾದ್ರೂ ಬಳ್ಳಿ ಆಗುತ್ತಾ?" ಎಂದು ಮೊಲದ ಯಜಮಾನಿ ರೇಗಿದ್ದರು. ಒಂದೇ ಸಾಲಿನ ಆಜ್ಞೆ ಸಾಕು. ಮೊದಲ ಅರ್ಧ: ಹೆಸರನ್ನು ಬೆಳ್ಳಿ ಎಂದು ಬದಲಿಸು. ಎರಡನೆಯ ಅರ್ಧ: ಈ ನಂಬರಿನ ಪ್ರಾಣಿಗೆ ಮಾತ್ರ. ಅವನು ಮೊದಲರ್ಧ ಹೊಡೆದು ಮುಗಿಸುವಾಗ ಗೋಡೆಯ ಫೋನ್ ಕಿರುಚಿತು. ಫೋನ್ ಎಂದರೆ ಅವನಿಗೆ ಹಾವು ಕಂಡಂತೆ. ಬೆಚ್ಚಿದ, ಬೆರಳು ಎಂಟರ್ ಒತ್ತಿಬಿಟ್ಟಿತು.

ಯಾವ ಪ್ರಾಣಿಗೆ ಎಂದು ಹೇಳದಿದ್ದರೆ ಡೇಟಾಬೇಸ್ ತಿರುಗಿ ಕೇಳುವುದಿಲ್ಲ. ಎಲ್ಲಕ್ಕೂ ಎಂದೇ ತಿಳಿದುಕೊಳ್ಳುತ್ತದೆ. ಒಂದು ಸಾಲು ಬದಲಾಗಿದೆ ಎಂದು ಬರಬೇಕಾದ ಜಾಗದಲ್ಲಿ ಐದಂಕಿಯ ಸಂಖ್ಯೆ ಬಂದು ಕೂತಿತ್ತು. ಇಂಥ ಕೆಲಸಕ್ಕೆ ಕೈಹಾಕುವ ಮುಂಚೆ ಹಿಂದಕ್ಕೆ ಬರುವ ದಾರಿ ತೆರೆದಿಟ್ಟುಕೊಳ್ಳಬೇಕು. ಒಂದು ಮೊಲ ತಾನೇ ಎಂದು ಉದಾಸೀನ ಮಾಡಿದ್ದ.

ಹೊರಗೆ ಕೌಂಟರಿನಾಕೆ "ಬೆಳ್ಳಿ!" ಎಂದು ಕೂಗಿದಳು. ಯಾರೂ ಏಳಲಿಲ್ಲ. ಮುಂದಿನ ಹೆಸರು ನೋಡಿದಳು. ಅದೂ ಬೆಳ್ಳಿ. ಅದರ ಮುಂದಿನದೂ ಬೆಳ್ಳಿ. ಕೊನೆಗೆ ನಂಬರ್ ಹಿಡಿದು ಕೂಗಿದಾಗ ಒಬ್ಬರು ಎದ್ದು ಬಂದು, ಚೀಟಿ ಓದಿ, ತಮ್ಮ ನಾಯಿಯ ಕಡೆ ಕೈ ತೋರಿಸಿದರು. "ಅಲ್ಲಮ್ಮಾ, ಇದ್ದಲ ಹಾಗಿದೆ ನನ್ನ ನಾಯಿ. ಇದಕ್ಕೆ ಬೆಳ್ಳಿ ಅಂತ ಇಟ್ಟ ಪುಣ್ಯಾತ್ಮ ಯಾರು?"

ಪುಣ್ಯಾತ್ಮ ಒಳಗೆ ಬ್ಯಾಕಪ್ ಹುಡುಕುತ್ತಿದ್ದ. ಇಡೀ ಡೇಟಾಬೇಸಿನ ಒಂದು ಪ್ರತಿ ದಿನಾ ತಾನಾಗಿಯೇ ಬೇರೆ ಡಿಸ್ಕಿಗೆ ಹೋಗುವಂತೆ ಅವನೇ ಏರ್ಪಾಟು ಮಾಡಿದ್ದ. 'ಬ್ಯಾಕಪ್ ಆಯಿತು' ಎಂಬ ಸಂದೇಶವೂ ತಪ್ಪದೆ ಬರುತ್ತಿತ್ತು. ತೆರೆದು ನೋಡಿದರೆ ಆ ಡಿಸ್ಕ್ ಎಂದೋ ತುಂಬಿಹೋಗಿ, ಆಮೇಲಿನ ಪ್ರತಿಗಳೆಲ್ಲ ಬರೀ ಖಾಲಿ ಡಬ್ಬಗಳು. ಕೊನೆಯ ಸರಿಯಾದ ಪ್ರತಿ ಹೋದ ಬೇಸಿಗೆಯದು.

ಅದನ್ನೇ ಇನ್ನೊಂದು ಕಂಪ್ಯೂಟರಿನಲ್ಲಿ ಜೀವ ತುಂಬಿಸಿ ನಿಲ್ಲಿಸಿದ. ಅಲ್ಲಿಂದ ಒಂದೊಂದು ನಂಬರಿಗೂ ಅದರ ಹಳೆಯ ಹೆಸರನ್ನು ಹೊಂದಿಸಿ ಈಚೆಗೆ ತಂದ. ಈ ಸಲ ದಾರಿ ತೆರೆದಿಟ್ಟುಕೊಂಡು, ಎಣಿಸಿ, ಮತ್ತೆ ಎಣಿಸಿ. ಸಂಜೆಯ ಹೊತ್ತಿಗೆ ಸುಮಾರು ಪ್ರಾಣಿಗಳು ತಮ್ಮ ತಮ್ಮ ಹೆಸರಿಗೆ ಮರಳಿದವು. ಬೇಸಿಗೆಯ ನಂತರ ಬಂದವು ಮಾತ್ರ ಬೆಳ್ಳಿಗಳಾಗಿಯೇ ಉಳಿದವು. ಕೆಲವು ನೂರು.

ದೊಡ್ಡ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿದರು. "ಮುಂದಿನ ಸಲ ಬಂದಾಗ ಕೇಳೋಣ ಅನ್ನೋ ಹಾಗಿಲ್ಲ. ಒಂದೇ ಮನೇಲಿ ಎರಡು ನಾಯಿ ಇರುತ್ತೆ. ಒಂದಕ್ಕೆ ಹೃದಯದ ಮಾತ್ರೆ, ಇನ್ನೊಂದಕ್ಕೆ ಹುಳದ ಮಾತ್ರೆ. ಎರಡು ಚೀಟಿ ಮೇಲೂ ಬೆಳ್ಳಿ ಅಂತಿದ್ರೆ ಗತಿಯೇನು? ಫೋನ್ ಮಾಡಿ ಕೇಳಲೇಬೇಕು. ಎಲ್ಲರೂ ಹಂಚ್ಕೊಳ್ಳಿ."

ಕೌಂಟರಿನಾಕೆ ತನ್ನ ಮುಂದಿನ ಜನಜಂಗುಳಿ ನೆನೆದು ನಿಟ್ಟುಸಿರಿಟ್ಟಳು. ಆಗ ಹಿಂದಿನಿಂದ ದನಿ ಬಂತು. "ನಾನು ಮ... ಮ... ಮಾಡ್ತೀನಿ. ತಪ್ಪು ನಂದು."

ಯಾರೂ ನಗಲಿಲ್ಲ. ಯಾರೂ ನಂಬಲೂ ಇಲ್ಲ.

ಮನೆಯಲ್ಲಿ ಸುದ್ದಿ ಕೇಳಿ ಅಕ್ಕ ತಟ್ಟೆ ಕೆಳಗಿಟ್ಟಳು. "ಫೋನಾ? ನೀನಾ?" ಎಂದು ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಇರ್ಲಿ ಬಿಡು. ನಾಳೆ ಅಂಗಡಿಗೆ ರಜಾ ಹಾಕಿ ನಾನೇ ಬರ್ತೀನಿ. ಮಾತಾಡೋದೇನು ಮಹಾ."

ಮರುದಿನ ಎಕ್ಸ್‌ರೇ ಕೋಣೆಯಲ್ಲಿ ಕೂತು ಫೋನ್ ಹಿಡಿದಳು. ಅವಳ ಮಾತು ಮಗ್ಗದ ಲಾಳಿಯ ಹಾಗೆ. "ನಮಸ್ಕಾರ, ನಿಮ್ಮ ನಾಯಿ ಹೆಸರೇನು, ಬೇಗ ಹೇಳಿ." ಅರ್ಧ ಜನ ಇದೇನೋ ಮೋಸದ ಕರೆ ಎಂದು ಇಟ್ಟುಬಿಟ್ಟರು. ಇನ್ನರ್ಧ ಜನರ ಜೊತೆ ಜಗಳವಾಯಿತು. "ನಿಮ್ಮ ನಾಯಿ ಆಸ್ತಿ ಬರೆಸ್ಕೊಳ್ಳಕ್ಕೆ ಕೇಳ್ತಿದ್ದೀನೇನ್ರೀ?" ಎಂದು ಅವಳು ಒಬ್ಬರಿಗೆ ರೋಪು ಹಾಕುವಾಗ ಅವನು ನಗು ತಡೆಯಲಾರದೆ ಸರ್ವರಿನ ಹಿಂದೆ ಹೋಗಿ ನಿಂತ. ಮಧ್ಯಾಹ್ನ ಅಂಗಡಿಯಿಂದ ಕರೆ ಬಂತು, ಗಾಜು ಉಜ್ಜುವ ಯಂತ್ರ ಕೈಕೊಟ್ಟಿತ್ತು. "ಸಂಜೆ ಬರ್ತೀನಿ. ಅಲ್ಲೀವರೆಗೂ ನೀನು ಫೋನ್ ಮುಟ್ಟಬೇಡ" ಎಂದು ಹೋದಳು.

ಅವನು ಸ್ವಲ್ಪ ಹೊತ್ತು ಫೋನನ್ನು ನೋಡುತ್ತಾ ಕೂತ. ಆಮೇಲೆ ಮುಟ್ಟಿದ.

ಮೊದಲನೆಯವರು ಎರಡು ಸಲ ಹಲೋ ಎಂದು, ಖಾಲಿ ಕರೆಯೆಂದು ಇಟ್ಟರು. 'ಪ್ರಾಣಿ' ಎಂಬ ಮಾತೇ ಬಾಯಿಂದ ಹೊರಡದೆ ನಿಂತಿತ್ತು. ಎರಡನೆಯ ಸಲ ಆ ಮಾತನ್ನೇ ಬಿಟ್ಟು "ಆಸ್ಪತ್ರೆಯಿಂದ" ಎಂದ. ಆಚೆ ಕಡೆಯವನು "ಹೆರಿಗೆ ಆಯ್ತಾ? ಏನು ಮಗು?" ಎಂದು ಕೂಗಿಕೊಂಡ. ಅವನನ್ನು ಸಮಾಧಾನಪಡಿಸಿ ಬೆಕ್ಕಿನ ಹೆಸರು ಕೇಳುವಷ್ಟರಲ್ಲಿ ಬೆವರಿಳಿದಿತ್ತು. ಆದರೆ ಕೇಳಿದ್ದ. ಹೆಸರು ಸಿಕ್ಕಿತ್ತು. ಚುಕ್ಕಿ.

ಮುಂದೆ 'ನಾಯಿ ಡಾಕ್ಟರ ಕಡೆಯಿಂದ' ಎಂಬ ಮಾತು ಹಿಡಿದುಕೊಂಡ. ಅದರಲ್ಲಿ ತುಟಿಗೆ ಅಡ್ಡ ಬರುವ ಅಕ್ಷರ ಇರಲಿಲ್ಲ. ಒಬ್ಬ ದರ್ಜಿಗೆ ಹಾಗೆಯೇ ಫೋನ್ ಮಾಡಿದ.

"ನಿಮ್ಮ ನಾಯಿ ಹೆಸರು ಹೇಳ್ತೀರಾ?"

"ಬೇಡ."

"ಹೇಳಿದ್ರೆ ಒಳ್ಳೇದು ಸಾರ್."

"ಬೇಡ ಅಂದ್ನಲ್ಲಪ್ಪಾ."

"ಔಷಧಿ ಚೀಟಿಗೆ ಬೇ... ಬೇಕಿತ್ತು."

"ಅಯ್ಯೋ ರಾಮಾ! ಹೆಸರೇ ಅದು. ತಂದ ದಿನ ಹೆಂಡತಿ ಬೇಡ ಬೇಡ ಅಂತ ಕೂಗ್ತಾನೇ ಇದ್ಲು. ನಾಯಿ ಅದೇ ತನ್ನ ಹೆಸರು ಅನ್ಕೊಂಡ್ಬಿಡ್ತು. ಈಗ ಬೇಡ ಅಂದ್ರೆ ಓಡಿ ಬರುತ್ತೆ."

ಇಬ್ಬರೂ ನಕ್ಕರು. ಫೋನಿನಲ್ಲಿ ಅಪರಿಚಿತರೊಬ್ಬರ ಜೊತೆ ನಕ್ಕದ್ದು ಅವನಿಗೆ ಅದೇ ಮೊದಲು.

ಆಮೇಲೆ ಒಂದು ಬೆಕ್ಕಿನ ಸಾಲು ಬಂತು. ಫೋನ್ ಎತ್ತಿದವರು ಒಬ್ಬ ಅಜ್ಜಿ. ಅವನು ಕೇಳಿದ್ದಕ್ಕೆ ಮೆಲ್ಲಗೆ ಹೇಳಿದರು, "ಅದು ಹೋಗಿ ಒಂದು ತಿಂಗಳಾಯ್ತಲ್ಲಪ್ಪಾ. ನಿಮ್ಮಲ್ಲೇ ಹೋಯ್ತು, ಮೇಜಿನ ಮೇಲೆ."

ಅವನು 'ಬೇಜಾರಾಯ್ತು' ಎನ್ನಬೇಕೆಂದು ಹೊರಟ. ಬ ಸಿಕ್ಕಿಕೊಂಡಿತು. ತುಟಿ ಬಿಗಿಯಿತು. ಆಚೆ ಕಡೆ ಕೇಳಿಸುತ್ತಿದ್ದದ್ದು ಅವನ ಉಸಿರಿನ ಏರಿಳಿತ ಮಾತ್ರ.

"ಅಳ್ತಿದ್ದೀಯಾ ಮಗಾ?" ಎಂದರು ಅಜ್ಜಿ. "ಅಳಬಾರದು. ವಯಸ್ಸಾಗಿತ್ತು ಅದಕ್ಕೆ. ಕೊನೇವರೆಗೂ ಹೊಟ್ಟೆ ತುಂಬಾ ತಿಂತಿತ್ತು. ನೀವೆಲ್ಲಾ ಚೆನ್ನಾಗೇ ನೋಡ್ಕೊಂಡ್ರಿ."

ಅಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಜ್ಜಿಯ ಸಮಾಧಾನ ಕೇಳುತ್ತಾ ಕೇಳುತ್ತಾ ನಿಜವಾಗಿಯೂ ಕಣ್ಣು ತುಂಬಿತು.

"ಸತ್ತೋದದ್ರ ಹೆಸರು ತಗೊಂಡು ಏನ್ಮಾಡ್ತೀಯಪ್ಪಾ ಈಗ?"

"ಇರಬೇಕು ಅಜ್ಜಿ. ಅದರ ಹೆ... ಹೆಸರಲ್ಲೇ ಇರಬೇಕು."

ಅಜ್ಜಿ ಹೇಳಿದರು. "ಮಹಾರಾಯ ಅಂತ. ಹಂಗೇ ಕರೀತಿದ್ದೆ. ಅದರ ಗತ್ತು ನೀನು ನೋಡಬೇಕಿತ್ತು." ಆಮೇಲೆ ಮಹಾರಾಯನ ಗತ್ತಿನ ಕಥೆಯನ್ನೆಲ್ಲ ಹೇಳಿದರು. ಅವನು ಕೇಳಿದ. ಕೇಳುವುದರಲ್ಲಿ ಅವನನ್ನು ಮೀರಿಸುವವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಅದು ಅವನಿಗೂ ಆ ದಿನವೇ ಗೊತ್ತಾಯಿತು.

ಸಂಜೆ ಅಕ್ಕ ಬಂದು ಸೀಸದ ಬಾಗಿಲು ತಳ್ಳಿದಾಗ ತಮ್ಮನ ಕಿವಿಯಲ್ಲಿ ಫೋನಿತ್ತು. ಕತ್ತಿನ ನರ ಉಬ್ಬಿತ್ತು. 'ಮ'ದ ಮೇಲೆ ನಿಂತಿದ್ದ. ಅವಳಿಗೆ ಮಾತು ಗೊತ್ತಾಯಿತು, 'ಮತ್ತೆ ಫೋನ್ ಮಾಡ್ತೀನಿ'. ಬಾಯಿ ತೆರೆದಳು. ಅವನು ಅವಳ ಕಡೆ ನೋಡದೆಯೇ ಕೈ ಎತ್ತಿ ತಡೆದ. ಅವಳು ಸ್ಟೂಲಿನ ಮೇಲೆ ಕೂತಳು. ತುಟಿ ಕಚ್ಚಿಕೊಂಡಳು. ಕೊನೆಗೂ ಮಾತು ಬಂತು, ತಡವಾಗಿ, ಇಡಿಯಾಗಿ. ಅವಳು ಊಹಿಸಿದ್ದು ಅದಾಗಿರಲಿಲ್ಲ. "ಮರಿಗಳು ಹೇಗಿವೆ?" ಎಂದು ಕೇಳುತ್ತಿದ್ದ.

ಮನೆ ಮೆಟ್ಟಿಲ ಹತ್ತಿರ ಅಕ್ಕ ನಿಂತು ಕೇಳಿದಳು. "ಇಷ್ಟು ವರ್ಷ ನಿನ್ನ ಮಾತೆಲ್ಲಾ ನಾನು ಕಿತ್ಕೊಂಡ್ನೇನೋ?"

"ಇಲ್ಲಕ್ಕಾ. ನಾನೇ ಕೊಟ್ಟಿದ್ದು." ಮೆಟ್ಟಿಲು ಹತ್ತುತ್ತಾ ಸೇರಿಸಿದ, "ನೀನು ಚೆ... ಚೆನ್ನಾಗಿ ಇಟ್ಕೊಂಡಿದ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಗಾಜಿನ ಪುಡಿ ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳಿದಳು.

ಆ ವಾರ ಮುಗಿಯುವುದರೊಳಗೆ ಆಸ್ಪತ್ರೆಯಲ್ಲಿ ಬೆಳ್ಳಿ ಎಂದು ಉಳಿದದ್ದು ಮೊಲ ಒಂದೇ ಅಲ್ಲ. ಹುಡುಕಿದಾಗ ನಿಜವಾಗಿಯೂ ಅದೇ ಹೆಸರಿನ ಒಂದು ಮೇಕೆಯೂ ಸಿಕ್ಕಿತು. ಅಲ್ಲಿಂದ ಮುಂದೆ ಎಕ್ಸ್‌ರೇ ಪ್ರತಿ ಶನಿವಾರ ಹೊಸ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಎಬ್ಬಿಸಿ, ನಡೆಸಿ ನೋಡಿದ ಮೇಲೆಯೇ ಮನೆಗೆ ಹೋಗುತ್ತಿದ್ದ. ಆಯಿತು ಎಂಬ ಸಂದೇಶ ನಂಬುವುದನ್ನು ಬಿಟ್ಟ. ಜನ ಕೌಂಟರಿಗೆ ಫೋನ್ ಮಾಡಿ "ಆ ನಿಧಾನಕ್ಕೆ ಮಾತಾಡೋರು ಇದ್ದಾರಾ? ಅವರಿಗೇ ಕೊಡಿ" ಎನ್ನತೊಡಗಿದರು. ದೊಡ್ಡ ಡಾಕ್ಟರಮ್ಮ ಒಂದು ದಿನ, ಪ್ರಾಣಿ ಕಳೆದುಕೊಂಡವರಿಗೆ ಮಾಡುವ ಕರೆಗಳನ್ನು ಅವನೇ ಮಾಡಲಿ ಎಂದರು. ಉಗ್ಗು ಹೋಗಲಿಲ್ಲ. ಈಗಲೂ ಇದೆ.

ಮರುವರ್ಷ ಕಣ್ಣಿನ ವ್ಯಾನಿನವರು ಕೇಳಿದಾಗ ಅಕ್ಕ ಹೂಂ ಎಂದಳು. ಹೊರಡುವ ದಿನ ಗ್ಯಾಸಿನವರ ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಲು ಹೋದಳು. ತಮ್ಮ ಅದನ್ನು ಕಿತ್ತು ಅವಳ ಚೀಲಕ್ಕೇ ತುರುಕಿದ.

ಈಗ ಅವಳು ಯಾವ ಊರಿನಲ್ಲಿದ್ದರೂ ಸಂಜೆ ಫೋನ್ ಮಾಡುತ್ತಾಳೆ. ಅವನು ದಿನದ ಸುದ್ದಿಯನ್ನೆಲ್ಲ ಹೇಳುತ್ತಾನೆ: ಸರ್ವರಿನ ತಕರಾರು, ಗಿಳಿಯ ಕಾಲು, ಯಾರದೋ ಹಸುವಿನ ಕರು. ಒಂದು ಸಲ ವ್ಯಾನಿನ ಡ್ರೈವರು, ಬಹಳ ಹೊತ್ತಿನಿಂದ ಫೋನನ್ನು ಕಿವಿಗೆ ಹಿಡಿದು ಸುಮ್ಮನೆ ಕೂತಿದ್ದ ಅವಳನ್ನು ನೋಡಿ, "ಲೈನ್ ಕಟ್ಟಾಯ್ತೇನಕ್ಕಾ?" ಎಂದು ಕೇಳಿದ.

"ಇಲ್ಲಪ್ಪಾ, ಮಾತಾಡ್ತಿದ್ದಾನೆ" ಎಂದ ಅವಳು ಬಿಸಿಲು ಇನ್ನೂ ಇದ್ದ ಕಡೆಗೆ ಕುರ್ಚಿ ಎಳೆದುಕೊಂಡಳು.