ಜೈನರ ಮನೆಯಲ್ಲಿ ನನ್ನ ಮಸಾಲೆ ದೋಸೆ

"ನಿಮ್ಮ ಕಾದಂಬರಿ ನಂಬಿ ನಾನು ಕೆಟ್ಟೆ ಮೇಡಂ!"

ಚೆನ್ನೈನ ಸೌಕಾರ್‌ಪೇಟೆಯ ಸೀರೆ ಅಂಗಡಿಯಲ್ಲಿ ಅಚ್ಚ ಮೈಸೂರು ಕನ್ನಡದಲ್ಲಿ ಹೀಗೆ ಕೂಗಿದವಳು ಆ ಅಂಗಡಿಯ ಮಾರ್ವಾಡಿ ಜೈನರ ಮನೆಯ ಸೊಸೆ. ವಾರಪತ್ರಿಕೆಯಲ್ಲಿ ಬಂದಿದ್ದ ಫೋಟೋದಿಂದ ನನ್ನ ಗುರುತು ಹಿಡಿದಿದ್ದಳು. ಕೌಂಟರ್‌ನವರೆಲ್ಲ ಏನಾಯಿತೆಂದು ತಮಿಳಿನಲ್ಲಿ "ಎನ್ನಾಚ್ಚು?" ಎನ್ನುತ್ತ ತಿರುಗಿದರು.

ಬರೆಯುವುದನ್ನು ನನಗೆ ಯಾರೂ ಕಲಿಸಿದ್ದಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನುಂಗಂಬಾಕ್ಕಂನ ನನ್ನ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದರೊಳಗೆ ಕನ್ನಡದ ಹುಡುಗಿಯನ್ನು ಪಂಜಾಬಿಗೋ ಮಲಯಾಳಿಗೋ ಕೊಟ್ಟು ಮದುವೆ ಮಾಡಿ ಮುಗಿಸುತ್ತಿದ್ದೆ. ಅಂಥದೊಂದು ಕಾದಂಬರಿಯಲ್ಲಿ ಹೊಸ ಸೊಸೆ ಮಸಾಲೆ ದೋಸೆ ಮಾಡಿ ಜೈನ ಅತ್ತೆಯ ಮನಸ್ಸು ಗೆದ್ದಿದ್ದಳು. ಇವಳೂ ಮದುವೆಯಾದ ಹೊಸದರಲ್ಲಿ, ಯಾರಿಗೂ ಹೇಳದೆ ಆಲೂಗಡ್ಡೆ, ಈರುಳ್ಳಿ ತಂದು ಹಾಗೇ ಮಾಡಿದಳಂತೆ. ನೆಲದಡಿ ಬೆಳೆಯುವ ಅವೆರಡನ್ನೂ ಆ ಮನೆಯಲ್ಲಿ ತಿನ್ನುವುದಿಲ್ಲವೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಆಮೇಲೇನಾಯ್ತಮ್ಮ?" ಎಂದೆ.

"ಅತ್ತೆ ತಟ್ಟೆ ಸರಿಸಿ ಎದ್ದುಬಿಟ್ರು. ನಾನು ಒಲೆ ಮುಂದೆ ಅಳ್ತಾ ನಿಂತೆ. ಸ್ವಲ್ಪ ಹೊತ್ತಾದ್ಮೇಲೆ ಅವರೇ ಬಂದು, ಬಾಳೆಕಾಯಿ ಬೇಯಿಸಿ ಪಲ್ಯ ಮಾಡೋದು ತೋರಿಸಿಕೊಟ್ರು. ಈಗ ಭಾನುವಾರ ಬಂದ್ರೆ ನಮ್ಮನೇಲಿ ಅದೇ ದೋಸೆ!" ಎಂದು ನಕ್ಕಳು.

ಪುಸ್ತಕದ ಮರುಮುದ್ರಣದಲ್ಲಿ ಆಲೂಗಡ್ಡೆ, ಈರುಳ್ಳಿ ತೆಗೆದು ಬಾಳೆಕಾಯಿ ಹಾಕಿದೆ. ಅದೇನೂ ದೊಡ್ಡ ಕೆಲಸವಲ್ಲ. ಆದರೆ ನನ್ನ ಕಥೆಗಳಲ್ಲಿ ಯಾವಾಗಲೂ ಸೊಸೆಯೇ ಗೆಲ್ಲುತ್ತಿದ್ದಳು. ಸೋತು ಅಳುತ್ತಿರುವ ಸೊಸೆಯ ಪಕ್ಕಕ್ಕೆ ಅತ್ತೆಯೇ ಬಂದು ನಿಲ್ಲಬಹುದೆಂದು ಇಷ್ಟು ಪ್ರೇಮಕಥೆ ಬರೆದವಳಿಗೆ ಹೊಳೆದೇ ಇರಲಿಲ್ಲ.